ಯಂಕಪ್ಪನ ಗ್ಯಾಸು

ಶನಿವಾರ ಬೆಳಿಗ್ಗೆ ಹನಮವ್ವ ಎರಡನೆಯ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ ನೀರು ಸವರುವಷ್ಟರಲ್ಲಿ, ಒಲೆಯ ಉರಿ ಬಿಕ್ಕಳಿಕೆ ಬಂದವರ ಹಾಗೆ ಎರಡು ಸಲ ಮೇಲಕ್ಕೆ ಹಾರಿ ಆರಿಹೋಯಿತು.

"ಫಕೀರೇಶಾ, ಗ್ಯಾಸ್ ಹೋತು ನೋಡಪಾ," ಎಂದು ಅವಳು ಕುಳಿತಲ್ಲಿಂದಲೇ ಕೂಗಿದಳು. "ಸಗಣಿ ಕಡಿಮಿ ಬಿತ್ತೋ ಏನೋ."

ಅಂಗಳದಲ್ಲಿ ಹಲ್ಲುಜ್ಜುತ್ತಿದ್ದ ಫಕೀರೇಶನ ಬ್ರಷ್ಷು ಬಾಯಲ್ಲೇ ನಿಂತಿತು. ಸಗಣಿ ಕಡಿಮೆ ಬಿದ್ದಿರಲಿಲ್ಲ. ಖಾಲಿಯಾದದ್ದು ಸಿಲಿಂಡರ್. ಎಳ್ಳಮಾಸಿಗೆಂದು ಮನೆಯವರೆಲ್ಲ ಸೇರಿ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಎಂದು ಬಡಿದದ್ದೇ ಬಡಿದದ್ದು. ತಿಂಗಳು ಪೂರ್ತಿ ಬರಬೇಕಾದದ್ದು ಒಂದು ಅಮಾವಾಸ್ಯೆಗೆ ಮುಗಿದಿತ್ತು. ಈ ಸಂಗತಿ ಅವನಿಗೆ ಗೊತ್ತು, ಹೆಂಡತಿ ರೋಜಾಳಿಗೆ ಗೊತ್ತು, ಪಕ್ಕದ ಮನೆಯ ಬುಡ್ಡೇಸಾಬನಿಗೆ ಗೊತ್ತು. ಗೊತ್ತಾಗಬಾರದಾಗಿದ್ದುದು ಅವ್ವ ಹನಮವ್ವನಿಗೆ.

ಯಾಕೆಂದರೆ ಆ ಒಲೆ ಯಂಕಪ್ಪನ ಒಲೆ.

ಅಡರಕಟ್ಟಿಯ ಈ ಓಣಿಯಲ್ಲಿ ಗೋಬರ್ ಗ್ಯಾಸ್ ಕಟ್ಟಿಸಿದ ಮೊದಲಿಗ ಫಕೀರೇಶನ ಅಪ್ಪ ಯಂಕಪ್ಪ. ಹಿತ್ತಲಲ್ಲಿ ಗುಂಡಿ ತೋಡಿದಾಗ ಜನ ಬಾವಿ ಎಂದುಕೊಂಡರು. ಅದರ ಮೇಲೆ ಕಬ್ಬಿಣದ ದೊಡ್ಡ ಡ್ರಮ್ಮು ಬೋರಲು ಹಾಕಿದಾಗ, ಬಾವಿಗೂ ಟೊಪ್ಪಿಗೆ ಹಾಕಿದನಲ್ಲ ಎಂದು ನಕ್ಕರು. ಗ್ಯಾಸ್ ತುಂಬಿ ಆ ಡ್ರಮ್ಮು ಉಬ್ಬಿದ ರೊಟ್ಟಿಯ ಹಾಗೆ ತಾನೇ ಮೇಲೆದ್ದು ನಿಂತ ದಿನ ಮಾತ್ರ ಓಣಿಗೆ ಓಣಿಯೇ ಅಡುಗೆಮನೆಯ ಬಾಗಿಲಲ್ಲಿ ಸೇರಿತ್ತು. ಸಗಣಿಯ ಉರಿಯಲ್ಲಿ ಕಾಸಿದ ಚಹಾ ಕುಡಿಯುವವರು ಯಾರು ಎಂದು ಎಲ್ಲರೂ ಹಿಂದೆ ಸರಿದಾಗ, ಹಾಸಿಗೆ ಗಾದಿ ಹೊಲಿಯುವ ಬುಡ್ಡೇಸಾಬ ಮುಂದೆ ಬಂದು ಒಂದೇ ಗುಟುಕಿಗೆ ಬಟ್ಟಲು ಬರಿದು ಮಾಡಿ, "ವಾಸನಿ ಏನಿಲ್ಲ. ಸಕ್ಕರಿ ಕಡಿಮಿ ಐತಿ," ಎಂದಿದ್ದ. ಅಂದಿನಿಂದ ಯಂಕಪ್ಪನ ಹೆಸರು ಗ್ಯಾಸ್ ಯಂಕಪ್ಪ.

ಫಕೀರೇಶನಿಗೆ ಬಾಲ್ಯವೆಂದರೆ ಆ ಒಲೆಯ ಮುಂದಿನ ಚಳಿಗಾಲದ ಬೆಳಗುಗಳು. ಚಳಿ ಬಿದ್ದರೆ ಗ್ಯಾಸ್ ಮಲಗುತ್ತಿತ್ತು. ಅಪ್ಪ ಹಿತ್ತಲಲ್ಲಿ ನೀರು ಕಾಸಿ, ಬೆಚ್ಚಗಿನ ನೀರಿನಲ್ಲಿ ಸಗಣಿ ಕಲಸಿ ತೊಟ್ಟಿಗೆ ಬಿಡುತ್ತ, "ಏಳವ್ವ ತಾಯಿ, ಹುಡುಗ ಸಾಲಿಗೆ ಹೋಗ್ಬೇಕು," ಎಂದು ಅದನ್ನು ಮಾತಾಡಿಸುತ್ತಿದ್ದ. ಅಡುಗೆಮನೆಯಲ್ಲಿ ಅವ್ವ ಕಡ್ಡಿ ಗೀರುವಳು, ಆರಿಸುವಳು, ಮತ್ತೆ ಗೀರುವಳು. ಅವಳ ಬೆನ್ನಿಗೆ ಅಂಟಿಕೊಂಡು, ಕೌದಿ ಹೊದ್ದು ಕಾಯುತ್ತಿದ್ದ ಹುಡುಗನ ಮುಂದೆ ಕಡೆಗೊಮ್ಮೆ ಅಗಸಿ ಹೂವಿನಂಥ ನೀಲಿ ಉರಿ ಅರಳುತ್ತಿತ್ತು. ಆ ಹೊತ್ತಿಗೆ ಮನೆಯವರೆಲ್ಲರೂ ಯಾಕೋ ನಗುತ್ತಿದ್ದರು.

ಯಂಕಪ್ಪ ತೀರಿಕೊಂಡ ವರ್ಷವೇ ಡ್ರಮ್ಮಿನ ನೆತ್ತಿ ತುಕ್ಕು ತಿಂದು ತೂತಾಯಿತು. ತೇಪೆ ನಿಲ್ಲುವುದಿಲ್ಲ, ಹೊಸ ಡ್ರಮ್ಮೇ ಬೇಕು ಎಂದ ಲಕ್ಷ್ಮೇಶ್ವರದ ವೆಲ್ಡಿಂಗ್‌ನವನು. ಇವತ್ತು ನಾಳೆ ಎನ್ನುತ್ತಿರುವಾಗ ಒಂದು ಬೆಳಿಗ್ಗೆ ಒಲೆ ಪೂರ್ತಿ ಆರಿತು. ಅವ್ವ ಕಡ್ಡಿಪೆಟ್ಟಿಗೆ ಕೈಯಲ್ಲಿ ಹಿಡಿದು ಆ ಒಲೆಯನ್ನು ನೋಡುತ್ತ ಕುಳಿತದ್ದನ್ನು ಫಕೀರೇಶ ಕಂಡ. ಮರುದಿನ ಅವಳು ಶಿರಹಟ್ಟಿ ಮಠಕ್ಕೆ ಹೋದಾಗ ಅವನು ಹಿತ್ತಲಿನ ಕುಳ್ಳಿನ ಗೂಡಿನಲ್ಲಿ, ಒಣಗಿದ ಬೆರಣಿಗಳ ಹಿಂದೆ, ಒಂದು ಸಿಲಿಂಡರ್ ಬಚ್ಚಿಟ್ಟ. ಕೈಗೆ ಸಿಕ್ಕ ಹಳೆಯ ಅರಿವೆಯೊಂದನ್ನು ಹರಿದು ಸಂದಿಗೆ ಬಿಗಿದು, ಅಪ್ಪನ ಪೈಪಿಗೇ ಜೋಡಿಸಿದ. ಒಲೆಯ ಬರ್ನರನ್ನೂ ಬದಲಿಸಿದ. ಸಂಜೆ ಅವ್ವ ಬಂದು ಕಡ್ಡಿ ಗೀರಿದಳು. ಉರಿ ಬಂತು. ಗಂಡ ಹೋದ ಮೇಲೆ ಮೊದಲ ಸಲ ಅವಳು ನಕ್ಕಳು.

ಆ ನಗೆಗೆ ಕಟ್ಟುಬಿದ್ದು ಫಕೀರೇಶ ಮೂರು ವರ್ಷದಿಂದ ಕಳ್ಳನಾಗಿದ್ದ. ತಿಂಗಳಿಗೊಮ್ಮೆ ಅವ್ವ ಶಿರಹಟ್ಟಿಗೆ ಹೋದ ದಿನ ಬುಡ್ಡೇಸಾಬನ ಮನೆಯಲ್ಲಿ ಇಳಿಸಿದ ಸಿಲಿಂಡರನ್ನು ತಂದು ಬದಲಿಸುವನು. ಅವಳೋ ದಿನ ಬೆಳಗಾದರೆ, ಮೊಣಕಾಲು ಹಿಡಿದುಕೊಂಡು, ಒಂದು ಬುಟ್ಟಿ ಸಗಣಿ ಕಲಸಿ ಆ ಸತ್ತ ತೊಟ್ಟಿಗೆ ಸುರಿಯುವಳು. ಮುಳುಗಿದ ಡ್ರಮ್ಮಿನ ಮೇಲೆ ಹೀರೆಬಳ್ಳಿ ಹಬ್ಬಿತ್ತು. ಅವಳ ಕಣ್ಣೂ ಮಂಜಾಗಿತ್ತು. ಅದೇ ಅವನ ಧೈರ್ಯ. ಮೇಲಾಗಿ ಅವಳು ಬಂದವರ ಮುಂದೆಲ್ಲ, "ಬೆಟಗೇರಿ ಬೀಗರ ಮನ್ಯಾಗ ಸಿಲಿಂಡರ್ ರೊಟ್ಟಿ ತಿಂದ್ರ ನನಗ ಹೊಟ್ಟಿ ಉಬ್ಬರಸ್ತೈತಿ. ನಮ್ಮನಿಯವರ ಗ್ಯಾಸಿನ ರೊಟ್ಟೀನ ಬ್ಯಾರೆ," ಎನ್ನುತ್ತಿದ್ದಳು. ಕೇಳಿದಾಗಲೆಲ್ಲ ಫಕೀರೇಶ ಮೇಲೆ ಹೋಗುವ ಕಾಗೆಯನ್ನು ನೋಡುತ್ತ ನಿಲ್ಲುತ್ತಿದ್ದ.

ಅವನು ಬಾಯಿ ಮುಕ್ಕಳಿಸುವಷ್ಟರಲ್ಲಿ ಮಗಳು ಶೃತಿ ಜಡೆ ಹಾಕಿಕೊಳ್ಳುತ್ತ ಹೊರಬಂದಳು.

"ಅಪ್ಪಾ, ಮರ್ತಿಲ್ಲಲ್ಲ? ಇವತ್ತು ಸಾಲಿ ಬಿಟ್ಟ ಮ್ಯಾಲ ಪ್ರಿಯಾಂಕಾ ಟೀಚರ್ ನಮ್ಮ ಕ್ಲಾಸ್ ಕರ್ಕೊಂಡು ಮನಿಗೆ ಬರ್ತಾರ."

"ಯಾಕವಾ?"

"ಹೇಳಿದ್ನಲ್ಲ. ನೆಲದಾಗಿಂದ ತಗಿಯೋ ನೈಸರ್ಗಿಕ ಅನಿಲಾನ ನವೀಕರಿಸಬಹುದಾದ ಇಂಧನ ಅನಬೇಕೋ ಬ್ಯಾಡೋ ಅಂತ ಚರ್ಚಾ ಐತಿ. ಫರ್ಹಾನಾ ಅನಬೇಕು ಅಂತಾಳ, ನಾ ಅನಬಾರದು ಅಂತೀನಿ. ಖರೇ ನವೀಕರಿಸೋ ಗ್ಯಾಸ್ ಅಂದ್ರ ನಮ್ಮಜ್ಜನ ಗೋಬರ್ ಗ್ಯಾಸ್, ಬಂದು ನೋಡ್ರಿ ಅಂದೆ. ಟೀಚರಿಗೆ ಖುಷಿ ಆತು. ಡ್ರಮ್ಮು ಎಷ್ಟು ಎತ್ತರ ಏಳ್ತೈತಿ ಅಂತ ಅಳತಿ ಮಾಡ್ತಾರಂತ."

ಮಗಳು ಬಸ್ಸಿಗೆ ಓಡಿದಳು. ಫಕೀರೇಶ ಬುಡ್ಡೇಸಾಬನ ಮನೆಗೆ ಓಡಿದ.

ಬುಡ್ಡೇಸಾಬ ಎದುರಿಗೆ ಅರಳೆ ಹರವಿಕೊಂಡು, ಮಂಜಿನಲ್ಲಿ ಕುಳಿತವನಂತೆ ಕುಳಿತಿದ್ದ. ಫರ್ಹಾನಾ ಅವನ ಮೊಮ್ಮಗಳು. ಎಲ್ಲ ಕೇಳಿಸಿಕೊಂಡು ಗಡ್ಡದಲ್ಲಿ ಸಿಕ್ಕ ಅರಳೆ ಕೀಳುತ್ತ ಹೇಳಿದ: "ನಮ್ಮ ಹುಡುಗಿ ಹೇಳೋದ್ರಾಗ ತಪ್ಪೇನೈತಿ? ಸಿಲಿಂಡರ್ ಖಾಲಿ ಆದ್ರ ಮತ್ತ ತುಂಬಿ ಬರ್ತೈತಿ. ಮತ್ತ ಖಾಲಿ, ಮತ್ತ ತುಂಬಿ. ಇದಕ್ಕಿಂತ ನವೀಕರಣ ಇನ್ನೇನ್ ಬೇಕೋ?"

"ಕಾಕಾ, ಚರ್ಚಾ ಆಮ್ಯಾಲ ಮಾಡೋಣು. ಗ್ಯಾಸಿನ ಗಾಡಿ ಬರೋದು ಮಂಗಳವಾರ. ನಿಮ್ಮನಿ ಸಿಲಿಂಡರ್ ಕೊಡ್ರಿ."

"ಅದರ ಮ್ಯಾಲ ನಿಮ್ಮ ಕಾಕೂ ಸಾರು ಇಟ್ಟಾಳ."

"ಅವ್ವಗ ಗೊತ್ತಾದ್ರ ಅಪ್ಪ ಎರಡನೇ ಸಲ ಸತ್ತಂಗ ಆಗ್ತೈತ್ರಿ."

ಈ ಮಾತು ಬುಡ್ಡೇಸಾಬನಿಗೆ ನಾಟಿತು. ಯಂಕಪ್ಪ ಅವನ ಜೀವದ ಗೆಳೆಯ. ಕುದಿಯುತ್ತಿದ್ದ ಸಾರನ್ನು ಕೆಳಗಿಳಿಸಿದರು. ಆದರೆ ಸಿಲಿಂಡರನ್ನು ಒಯ್ಯುವುದು ಹೇಗೆ? ಹನಮವ್ವ ಆಗಲೇ ಕಟ್ಟೆಯ ಮೇಲೆ ಮೊರದೊಂದಿಗೆ ಕುಳಿತು ಹೆಸರುಕಾಳು ಹಸನು ಮಾಡುತ್ತಿದ್ದಳು. ಹಿತ್ತಲಿಗೆ ಹೋಗುವ ದಾರಿ ಅವಳ ಮುಂದೆಯೇ ಹಾಯಬೇಕು. ಬುಡ್ಡೇಸಾಬ ಒಂದು ಹೊಸ ಗಾದಿ ಹಾಸಿ, ಸಿಲಿಂಡರನ್ನು ಬಾಣಂತಿಯ ಕೂಸಿನ ಹಾಗೆ ನಡುವೆ ಮಲಗಿಸಿ, ಸುರುಳಿ ಸುತ್ತಿ ಹಗ್ಗ ಬಿಗಿದ. ಒಬ್ಬರು ಆ ತುದಿ, ಒಬ್ಬರು ಈ ತುದಿ ಹಿಡಿದು ಹೊರಟರು. ನಡು ಮಾತ್ರ ತುಂಬುಬಸುರಿಯ ಹಾಗೆ ಜೋತುಬಿದ್ದಿತ್ತು.

"ಏನದು ಬುಡ್ಡೇಸಾಬಣ್ಣ?" ಎಂದಳು ಹನಮವ್ವ.

"ಗಾದಿ, ಹನಮಕ್ಕ. ಮಗ ನಿನಗಂತ ಹೊಲಿಸ್ಯಾನ."

ಇದನ್ನು ಹೇಳು ಎಂದು ಫಕೀರೇಶ ಅವನಿಗೆ ಹೇಳಿರಲಿಲ್ಲ.

"ನನಗ? ಪಾಪ, ನನ್ನ ಸೊಂಟದ ಮ್ಯಾಲ ಇವಗೆಷ್ಟು ಲಕ್ಷ್ಯ," ಎಂದು ಹನಮವ್ವ ಮೊರ ಕೆಳಗಿಟ್ಟಳು. "ಅರಳಿ ಗಾದಿಗೆ ಇಬ್ಬರು ಗಂಡಸರು ಯಾಕೋ ಹಿಂಗ ತೇಕಾಕತ್ತೀರಿ?"

"ಈ ವರ್ಷದ ಅರಳಿ ಭಾಳ ಗಟ್ಟಿ ಐತೆವ್ವ," ಎಂದ ಫಕೀರೇಶ. ಹಣೆಯಿಂದ ಬೆವರು ಮೂಗಿಗಿಳಿದಿತ್ತು.

"ಇಲ್ಲೇ ಬಿಚ್ಚರಿ. ಕೈಯಾಡಿಸಿ ನೋಡ್ತೀನಿ."

"ಬಿಸಲಿಗೆ ಹಾಕಿ ಬಿಚ್ಚಬೇಕು, ಹನಮಕ್ಕ. ಇಲ್ಲಂದ್ರ ಅರಳಿ ಮುನಿಸ್ಕೊಂತೈತಿ," ಎಂದ ಬುಡ್ಡೇಸಾಬ. ಆ ಹೊತ್ತಿಗೇ ಗಾದಿಯ ತುದಿ ಕಟ್ಟೆಯ ಕಲ್ಲಿಗೆ ತಾಗಿ ಠಣ್ ಎಂದಿತು. ಹನಮವ್ವ ಮತ್ತೆ ಮೊರ ಎತ್ತಿಕೊಂಡು, "ಗಟ್ಟಿ ಅರಳೀನ ಬಿಡು," ಎಂದಳು.

ಸಿಲಿಂಡರ್ ಕುಳ್ಳಿನ ಹಿಂದೆ ಸೇರಿತು. ಇನ್ನುಳಿದದ್ದು ಡ್ರಮ್ಮು. ಮೂರು ವರ್ಷದಿಂದ ಅದು ನಿದ್ದೆಗಣ್ಣಿನ ಕೋಣದ ಹಾಗೆ ಮುಳುಗಿ ಕುಳಿತಿತ್ತು. ಟೀಚರ್ ಅಳತೆಪಟ್ಟಿ ತಂದರೆ ಅಳೆಯುವುದು ಏನನ್ನು? ರೋಜಾ ಒಳಗಿನಿಂದ ಬಾವಿಯ ಹಗ್ಗ ತಂದುಕೊಟ್ಟಳು. ಹೀರೆಬಳ್ಳಿ ಸರಿಸಿ ಡ್ರಮ್ಮಿನ ಕೊಂಡಿಗೆ ಕಟ್ಟಿ, ಬೇವಿನ ಟೊಂಗೆಯ ಮೇಲೆ ಹಾಯಿಸಿ, ಇನ್ನೊಂದು ತುದಿಯನ್ನು ಎಮ್ಮೆಯ ಕೊರಳಿಗೆ ಹಾಕಿ ಮುಂದೆ ಹೊಡೆದರು. ಎಮ್ಮೆ ಒಂದೊಂದು ಹೆಜ್ಜೆ ಇಟ್ಟಂತೆ ಡ್ರಮ್ಮು ಪಚಪಚ ಎನ್ನುತ್ತ ಮೇಲೆ ಬಂತು. ಹಗ್ಗವನ್ನು ಎಮ್ಮೆಯ ಗೂಟಕ್ಕೇ ಬಿಗಿದು, ಎಮ್ಮೆಯನ್ನೂ ಅಲ್ಲೇ ಕಟ್ಟಿ, ಹಗ್ಗ ಕಾಣದಂತೆ ರೋಜಾಳ ಸೀರೆಗಳನ್ನು ಒಣಹಾಕಿದರು.

"ನಿಮ್ಮಪ್ಪ ಇದ್ದಾಗ ಹಿಂಗ ನಿಂತಿತ್ತಲ್ಲೋ ಫಕೀರಾ," ಎಂದ ಬುಡ್ಡೇಸಾಬ. ಇಬ್ಬರೂ ಮೈಯೆಲ್ಲ ಹೊಲಸಾಗಿ ನಿಂತು ಒಂದು ಗಳಿಗೆ ಅದನ್ನು ನೋಡಿದರು. ಸುಳ್ಳಾದರೂ ಕಣ್ಣಿಗೆ ಹಿತವಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಟೀಚರ್ ಬಂದರು. ಹಿಂದೆ ಗುಬ್ಬಿಯ ಹಿಂಡಿನಂತೆ ಮಕ್ಕಳು. ಮೊದಲು ಅಡುಗೆಮನೆ. ಹನಮವ್ವ ತಲೆಯ ಮೇಲೆ ಸೆರಗು ಹೊದ್ದು, ಗಂಡನ ಫೋಟೋದ ಕಡೆ ಒಮ್ಮೆ ನೋಡಿ, ಕಡ್ಡಿ ಗೀರಿದಳು. ನೀಲಿ ಉರಿ ಭರ್ ಎಂದು ಎದ್ದಿತು. ಫಕೀರೇಶನ ಹೋದ ಜೀವ ಬಂತು.

"ಎಂಥಾ ಉರಿ ನೋಡ್ರಿ," ಎಂದರು ಪ್ರಿಯಾಂಕಾ ಟೀಚರ್. ಆಮೇಲೆ ಹುಬ್ಬು ಗಂಟಿಕ್ಕಿದರು. "ಆದ್ರ ಅಜ್ಜಿ, ಚಳಿಯೊಳಗ ಗೋಬರ್ ಗ್ಯಾಸ್ ಕಡಿಮಿ ಆಗ್ತೈತಿ ಅಂತ ನಾವು ಪಾಠದಾಗ ಹೇಳ್ತೀವಿ. ಇಲ್ಲಿ ನೋಡಿದ್ರ ಬ್ಯಾಸಗಿಯಂಗ ಉರಿಯಾಕತ್ತೈತಲ್ರಿ?"

ಈ ಚಳಿಯ ಸಂಗತಿ ಫಕೀರೇಶನಿಗೆ ಮೂರು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ.

"ನಮ್ಮನಿಯವರು ಕಟ್ಟಿದ್ದಲ್ಲೇನ್ರೀ ಟೀಚರ್ ಬಾಯಾರ," ಎಂದಳು ಹನಮವ್ವ ತಣ್ಣಗೆ. "ಅವರೂ ಚಳಿಗೆ ಅಂಜತಿರಲಿಲ್ಲ."

ಮಕ್ಕಳು ನಕ್ಕರು, ಟೀಚರೂ ನಕ್ಕರು. ಎಲ್ಲರೂ ಹಿತ್ತಲಿಗೆ ನಡೆದರು. ಬೇವಿನ ನೆರಳಿನಲ್ಲಿ ಚರ್ಚೆ ಶುರುವಾಯಿತು.

"ಟೀಚರ್, ನೆಲದಾಗಿನ ಗ್ಯಾಸೂ ನಿಸರ್ಗ ಮಾಡಿದ್ದ," ಎಂದಳು ಫರ್ಹಾನಾ. "ಅದೂ ಕೊಳತು ಆಗಿದ್ದು, ಸಗಣಿ ಗ್ಯಾಸೂ ಕೊಳತು ಆಗೋದು. ಇಬ್ಬರೂ ಅಕ್ಕತಂಗೇರು. ಒಬ್ಬಾಕಿಗೆ ಹೊಸ ಸೀರಿ ಕೊಟ್ಟು ಇನ್ನೊಬ್ಬಾಕಿನ್ನ ಹೊರಗ ನಿಲ್ಲಸೋದು ಯಾವ ನ್ಯಾಯ? ಕಲ್ಲಿದ್ದಲಕಿಂತ ಹೊಗಿನೂ ಕಡಿಮಿ."

"ಹೊಗಿ ಕಡಿಮಿ ಅಂದ್ರ ಮತ್ತ ಹುಟ್ಟತೈತಿ ಅಂತಲ್ಲ," ಎಂದಳು ಶೃತಿ. "ತಂಗಿ ದಿನಾ ಮುಂಜಾನೆ ನಮ್ಮ ಎಮ್ಮಿ ಹಿಂದ ಬೀಳ್ತಾಳ. ಅಕ್ಕ ಹುಟ್ಟಾಕ ಕೋಟಿಗಟ್ಟಲೆ ವರ್ಷ ಬೇಕು. ಒಮ್ಮಿ ಸುಟ್ರ ಮುಗೀತು, ನಮ್ಮ ಮೊಮ್ಮಕ್ಕಳಿಗೂ ಸಿಗೂದಿಲ್ಲ."

"ದೊಡ್ಡ ದೊಡ್ಡ ದೇಶದಾಗೂ ಇದ ಜಗಳ ನಡದೈತಿ," ಎಂದು ಟೀಚರ್ ಅಳತೆಪಟ್ಟಿ ಬಿಚ್ಚಿದರು. "ಡ್ರಮ್ಮಿಗೆ ಇದನ್ನ ಹಿಡೀರಿ, ಫಕೀರೇಶಣ್ಣಾರ."

ಅವನು ಡ್ರಮ್ಮಿನ ಬದಿಗೆ ಬಗ್ಗಿದ. ಅಷ್ಟರಲ್ಲಿ ಶೃತಿಯ ವಾದಕ್ಕೆ ಅವಳ ಕಡೆಯವರೆಲ್ಲ ಒಮ್ಮೆಲೇ ಚಪ್ಪಾಳೆ ತಟ್ಟಿದರು. ಎಮ್ಮೆ ಆವರೆಗೆ ಯಾವ ಚರ್ಚೆಯನ್ನೂ ಕೇಳಿದ್ದಲ್ಲ, ಚಪ್ಪಾಳೆಯನ್ನಂತೂ ಕೇಳೇ ಇರಲಿಲ್ಲ. ಬೆದರಿ ತಲೆ ಕೊಡವಿತು. ಗೂಟ ಕಿತ್ತು ಬಂತು. ಸೀರೆಗಳು ಗಾಳಿಪಟದಂತೆ ಹಾರಿದವು. ಡ್ರಮ್ಮು ಧಡಮ್ಮನೆ ಕೆಳಗೆ ಕುಳಿತಿತು. ಅದರ ಸುತ್ತಿನಿಂದ ಎದ್ದ ಸಗಣಿಯ ರಾಡಿ ಬೇರೆ ಯಾರನ್ನೂ ಮುಟ್ಟದೆ ನೇರವಾಗಿ ಫಕೀರೇಶನಿಗೆ ತಲೆಯಿಂದ ಉಗುರಿನವರೆಗೆ ಸ್ನಾನ ಮಾಡಿಸಿತು.

ಎರಡು ಕಣ್ಣು ಮಾತ್ರ ಕಾಣುತ್ತಿದ್ದ ಫಕೀರೇಶ, ಮುಗಿಯಿತು ಎಂದುಕೊಂಡ.

"ನೋಡಿದ್ರಿಲ್ರೀ ಬಾಯಾರ, ಒಳಗ ಎಷ್ಟು ಗ್ಯಾಸಿನ ಸೊಕ್ಕೈತಿ," ಎಂದಳು ಹನಮವ್ವ. "ಅದಕ್ಕ ಹಗ್ಗಾ ಕಟ್ಟಿ ಹಿಡದಿರ್ತೀವಿ."

"ಹೌದೌದು," ಎಂದ ಬುಡ್ಡೇಸಾಬ. "ಕಟ್ಟದಿದ್ರ ಹಾರಿ ಕಳಸಾಪುರಕ್ಕ ಬೀಳ್ತೈತಿ."

"ಆದ್ರ ಅಜ್ಜಿ," ಎಂದು ಫರ್ಹಾನಾ ಅಡುಗೆಮನೆಯ ಕಿಟಕಿಯತ್ತ ಕೈ ತೋರಿಸಿದಳು. "ಡ್ರಮ್ಮು ಕುಂತ್ರೂ ಒಲಿ ಉರಿಯಾಕತ್ತೈತಲ್ಲ?"

"ಪೈಪಿನ್ಯಾಗ ಉಳದಿದ್ದವಾ ಅದು. ರೋಜಾ, ಒಲಿ ಆರಿಸು."

ರೋಜಾ ಆಗಲೇ ಆರಿಸಿದ್ದಳು.

ಟೀಚರ್ ಶೃತಿಯ ಬೆನ್ನು ತಟ್ಟಿದರು. ಗದಗಿನಲ್ಲಿ ನಡೆಯುವ ಚರ್ಚಾಸ್ಪರ್ಧೆಗೆ ಶಾಲೆಯಿಂದ ಅವಳೇ ಎಂದರು. ಮುಂದಿನ ಶನಿವಾರ ಮುಂಡರಗಿಯ ಶಾಲೆಯ ಮಕ್ಕಳನ್ನೂ, ಅದರ ಮುಂದಿನ ಶನಿವಾರ ಶಿರಹಟ್ಟಿಯವರನ್ನೂ ಈ ಯಂತ್ರ ನೋಡಲು ಕಳಿಸುತ್ತೇನೆ ಎಂದರು. ಸಿಲಿಂಡರಿನೊಳಗಿನ ನೆಲದಾಳದ ಗ್ಯಾಸು ಆ ಮಧ್ಯಾಹ್ನ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿ ಸೋತುಹೋಗಿತ್ತು. ಆ ಸಂಗತಿ ಬುಡ್ಡೇಸಾಬನಿಗೆ ಹೊರತು ಯಾರಿಗೂ ನಗೆ ತರಲಿಲ್ಲ.

ಮಕ್ಕಳ ಗದ್ದಲ ಓಣಿಯ ತಿರುವಿನಲ್ಲಿ ಕರಗಿದ ಮೇಲೆ ಹನಮವ್ವ ಕೊಡದಲ್ಲಿ ಬಿಸಿನೀರು ತಂದಳು. ಬೆಳೆದ ಮಗನನ್ನು ಹಿತ್ತಲಿನ ಕಲ್ಲಿನ ಮೇಲೆ ಕೂರಿಸಿ, ಎಳೆಯ ಮಗುವಿಗೆ ಎರೆಯುವ ಹಾಗೆ ತಲೆಯ ಮೇಲೆ ಸುರಿಯತೊಡಗಿದಳು.

"ಅವ್ವಾ," ಎಂದ ಅವನು, ನೀರಿನ ಮರೆಯಲ್ಲಿ ಧೈರ್ಯ ಬಂದು, "ನಿನಗೊಂದು ಹೇಳಬೇಕಾಗಿತ್ತು. ಈ ಗ್ಯಾಸು..."

"ಕಿವಿ ಹಿಂದ ತಿಕ್ಕು. ಗ್ಯಾಸಿಗೇನಾತು?"

"ಅಪ್ಪಂದಲ್ಲ."

"ಗೊತ್ತೈತಿ ಬಿಡು."

ಫಕೀರೇಶ ಕಣ್ಣು ತೆರೆದ. ಸೀಗೆಪುಡಿ ಒಳಗೆ ಹೋಯಿತು. "ಯಾವಾಗಿಂದ?"

"ಮೊದಲ ದಿನದಿಂದ. ನಿಮ್ಮಪ್ಪಂದು ಕೆಂಪು ದಡಿ ಧೋತರ ಹರದು ಪೈಪಿಗೆ ಸುತ್ತೀದಿ. ಕುಳ್ಳು ತರಾಕ ಹೋದಾಕಿಗೆ ದಡಿ ಕಾಣಸ್ತು. ಅವತ್ತ ನಗು ತಡೀಲಿಲ್ಲ ನನಗ. ಸತ್ತ ಮ್ಯಾಲೂ ಈ ಮನುಷ್ಯಾ ಗ್ಯಾಸ್ ಬಿಡಲಿಲ್ಲಲ್ಲ ಅಂತ." ಇನ್ನೊಂದು ತಂಬಿಗೆ ನೀರು ಬಿತ್ತು. "ಮ್ಯಾಲ ಮೂರು ಚಳಿಗಾಲ ಹೋತು, ಒಂದ ದಿನಾನೂ ಗ್ಯಾಸ್ ಮಲಗಲಿಲ್ಲ. ಕಣ್ಣು ಮಂಜಾಗೇತಿ, ತಲಿ ಮಂಜಾಗಿಲ್ಲ."

"ಮತ್ತ ದಿನಾ ಸಗಣಿ ಯಾಕ ಹಾಕ್ತಿದ್ದಿ?"

"ಹಾಕೋದು ಬಿಟ್ಟಿದ್ರ ನನಗ ತಿಳದೈತಿ ಅಂತ ನಿನಗ ತಿಳೀತಿತ್ತಲ್ಲ. ಅಪ್ಪನ ಒಲಿ ಆರಬಾರದು ಅಂತ ಹುಡುಗ ಇಷ್ಟು ಒದ್ದಾಡತೈತಿ, ಅದರ ಮನಸ್ಸು ಯಾಕ ಮುರೀಲಿ ಅಂದೆ. ನಿನಗ ಸಿಲಿಂಡರ್ ಬದಲಿ ಮಾಡಾಕ ಪುರುಸೊತ್ತು ಸಿಗಲಿ ಅಂತ ತಿಂಗಳಾ ಶಿರಹಟ್ಟಿಗೆ ಹೋದೆ. ರೋಜಾಗೂ ಬಾಯಿ ಬಿಡಬ್ಯಾಡ ಅಂತ ಹೇಳಿದ್ದೆ."

"ಹೊಟ್ಟಿ ಉಬ್ಬರ?"

"ಬೀಗರ ಮನ್ಯಾಗ ಹೋಳಿಗಿ ಹೆಚ್ಚಿಗಿ ತಿಂದಿದ್ದೆ."

ಅಡುಗೆಮನೆಯ ಕಿಟಕಿಯಲ್ಲಿ ರೋಜಾಳ ಸೆರಗು ಸರಕ್ಕನೆ ಮರೆಯಾಯಿತು. ಫಕೀರೇಶ ಒದ್ದೆ ಕೋಳಿಯಂತೆ ಕುಳಿತು, ಅಳಬೇಕೋ ನಗಬೇಕೋ ತಿಳಿಯದೆ ತನ್ನ ಕಾಲುಬೆರಳುಗಳನ್ನು ನೋಡಿಕೊಂಡ. ಆದರೂ ಎದೆಯ ಮೇಲಿನ ಬಂಡೆ ಇಳಿದಂತಿತ್ತು. ಇನ್ನು ಕಳ್ಳತನವಿಲ್ಲ, ಗಾದಿಯ ಸುರುಳಿಯಿಲ್ಲ. ಮಂಗಳವಾರ ಸಿಲಿಂಡರನ್ನು ಅಂಗಳದಲ್ಲೇ ಎದೆಯೆತ್ತಿ ಇಳಿಸಿಕೊಳ್ಳಬಹುದು.

"ಹಂಗಾದ್ರ ಇದು ಇಲ್ಲಿಗೆ ಮುಗೀತಲ್ಲವ್ವ," ಎಂದ.

"ಎಲ್ಲಿ ಮುಗೀತು?" ಹನಮವ್ವ ತಂಬಿಗೆ ಕೆಳಗಿಟ್ಟಳು. "ಹುಡುಗಿ ಹೇಳಿದ್ದು ಖರೆ ಮಾತು. ನಮ್ಮ ಒಲೀನ ಸುಳ್ಳು. ಗದಗಿನ್ಯಾಗ ಆಕಿ ನಿಂತು ಮಾತಾಡೋದ್ರೊಳಗ ಖರೇ ಗ್ಯಾಸ್ ಬರ್ಬೇಕು. ನಾಳೆ ಲಕ್ಷ್ಮೇಶ್ವರಕ್ಕ ಹೋಗಿ ಹೊಸಾ ಡ್ರಮ್ಮು ಹೇಳಿ ಬಾ. ತೊಟ್ಟಿ ಹೊಟ್ಟಿ ಮೂರು ವರ್ಷ ತುಂಬಸೇನಿ, ಡ್ರಮ್ಮು ಒಂದ ಬಾಕಿ. ನನಗಿನ್ನ ಮೊಣಕಾಲು ನಡಿಯಂಗಿಲ್ಲ. ಇವತ್ತಿಂದ ಸಗಣಿ ನೀ ಕಲಸು. ಅರ್ಧಾ ನಿನ್ನ ಮೈಮ್ಯಾಲ ಬಿದ್ದೈತಲ್ಲ, ಅಷ್ಟು ಮೊದಲ ತುಂಬು."

ಅವನು ಏಳುವಷ್ಟರಲ್ಲಿ ಅವಳು ಮತ್ತೆ ತಿರುಗಿದಳು. "ಅಂದಂಗ, ನನ್ನ ಗಾದಿ ಎಲ್ಲೈತಿ?"

ಗಾದಿ ಕುಳ್ಳಿನ ಗೂಡಿನಲ್ಲಿತ್ತು. ಅದರ ಮೇಲೆ ಬೆದರಿದ ಎಮ್ಮೆ ಮಲಗಿತ್ತು.

ಸಂಜೆ, ಆಗಷ್ಟೇ ಮಿಂದ ಮೈಯಲ್ಲಿ, ಫಕೀರೇಶ ಬುಟ್ಟಿ ಮುಂದಿಟ್ಟುಕೊಂಡು ಮೊಣಕೈಯವರೆಗೆ ಸಗಣಿಯಲ್ಲಿ ಕೂತ. ಗಾಳಿ ತಣ್ಣಗಾಗಿತ್ತು. "ಬಿಸಿನೀರಾಗ ಕಲಸೋ, ಚಳಿ ಐತಿ," ಎಂದು ಒಳಗಿನಿಂದ ಅವ್ವ ಕೂಗಿದಳು. ಅವನು ಕಲಸಿದ. ಬೆಚ್ಚಗಿನ ರಾಡಿ ತೊಟ್ಟಿಗೆ ಇಳಿಯುವಾಗ ಸುತ್ತ ಯಾರಾದರೂ ಇದ್ದಾರೆಯೇ ಎಂದು ನೋಡಿದ. ಯಾರೂ ಇರಲಿಲ್ಲ.

"ಏಳವ್ವ ತಾಯಿ," ಎಂದ ಮೆಲ್ಲಗೆ. "ಹುಡುಗಿ ಗದಗಿಗೆ ಹೋಗ್ಬೇಕು."

ಅಡುಗೆಮನೆಯಲ್ಲಿ ಅವ್ವ ನಕ್ಕದ್ದು ಕೇಳಿಸಿತು. ಅದರ ಹಿಂದೆಯೇ ಗೋಡೆಯ ಆಚೆಯಿಂದ ಬುಡ್ಡೇಸಾಬನ ದನಿ ಬಂತು:

"ಲೇ ಫಕೀರಾ, ಆಕಿಗೆ ಎಲ್ಲಾ ಗೊತ್ತಿತ್ತಂತಲ್ಲೋ. ಹಂಗಿದ್ರ ನನ್ನ ಸಿಲಿಂಡರ್ ಬಿಚ್ಚಿ ಕೊಡು. ಮುಂಜಾನೆ ಇಳಿಸಿದ ಸಾರು ಇನ್ನೂ ನೆಲದ ಮ್ಯಾಲ ಕುಂತೈತಿ."